ಎರವಲು ಹೋದ ಚಕ್ಕು

ಪಕ್ಕದ ಮನೆಯ ಕಾನೆಮಾತ್ಸುವಿನ ಮರ ಕಡೆಯುವ ಲೇತ್ ನಿಂತು ಒಂಬತ್ತು ದಿನವಾಗಿತ್ತು. ಈ ಒಂಬತ್ತು ದಿನದಲ್ಲಿ ಇಸಾಬುರೊ ಏಳು ಮುಚ್ಚಳ ಕೆಡಿಸಿದ್ದ. ಹೋದ ವರ್ಷ, ಇಡೀ ವರ್ಷದಲ್ಲಿ, ಅವನ ಕೈಯಲ್ಲಿ ಕೆಟ್ಟದ್ದು ಐದೇ.

ಯಾಮಾನಾಕಾ ಊರಿನ ಹೊಳೆಪಕ್ಕದ ಆ ಕೇರಿಯಲ್ಲಿ ಒಂದು ಕಾಲಕ್ಕೆ ಹದಿನಾಲ್ಕು ಮನೆಯವರು ಮರ ಕಡೆಯುತ್ತಿದ್ದರು. ಈಗ ಉಳಿದಿದ್ದವು ಎರಡು ಮನೆ. ಒಂದು ಇಸಾಬುರೊನದು, ಇನ್ನೊಂದು ಅದರ ಗೋಡೆಗೆ ಗೋಡೆ ತಾಗುವಷ್ಟು ಹತ್ತಿರದ ಕಾನೆಮಾತ್ಸುವಿನದು. ಇಬ್ಬರಿಗೂ ಎಪ್ಪತ್ತರ ಆಸುಪಾಸು. ಇಬ್ಬರೂ ಒಬ್ಬನೇ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತವರು, ಒಂದೇ ಹೊದಿಕೆಯನ್ನು ಎಳೆದಾಡಿಕೊಂಡು ಮಲಗಿದವರು. ಕಾನೆಮಾತ್ಸು ಆರು ತಿಂಗಳು ಮೊದಲು ಸೇರಿದ್ದರಿಂದ ಇಸಾಬುರೊಗೆ ಅವನು ಅಣ್ಣ. ಆ ಕಸುಬಿನಲ್ಲಿ ಅಣ್ಣತಮ್ಮಂದಿರಾಗುವುದು ಹಾಗೆ. ಆದರೆ ಈ ಅಣ್ಣತಮ್ಮಂದಿರ ನಡುವೆ ಮಾತು ನಿಂತು ಇಪ್ಪತ್ತಮೂರು ವರ್ಷವಾಗಿತ್ತು. ಮಾತು ಬಿಟ್ಟವನು ಇಸಾಬುರೊ.

ಅವನ ಕೋಪದ ಬಗೆಯೇ ಅದು. ಬೈಯುವವನಲ್ಲ, ಕೈಯೆತ್ತುವವನಲ್ಲ, ಪಾತ್ರೆ ಎಸೆಯುವವನಂತೂ ಅಲ್ಲವೇ ಅಲ್ಲ. ಬಾಯಿ ಮುಚ್ಚುವವನು. ಮದುವೆಯಾದ ಮೊದಲ ವರ್ಷ ಹೆಂಡತಿ ಸುಮಿಯೆ, ಪಾಪ, ಮೂಲೆಯಲ್ಲಿದ್ದ ಒಂದು ಕೊರಡನ್ನು ಸೌದೆ ಎಂದುಕೊಂಡು ಸ್ನಾನದ ಒಲೆಗೆ ಹಾಕಿಬಿಟ್ಟಿದ್ದಳು. ಅದು ಇಸಾಬುರೊ ಒಣಗಲು ಇಟ್ಟಿದ್ದ ಕೊರಡು. ಅವನು ಒಂದು ಮಾತೂ ಆಡಲಿಲ್ಲ. ಆವತ್ತೂ ಆಡಲಿಲ್ಲ, ಮಾರನೆಯ ದಿನವೂ ಆಡಲಿಲ್ಲ. ಮಳೆ ಶುರುವಾಗಿ ಮಳೆ ಮುಗಿಯುವವರೆಗೆ, ನಲವತ್ತು ದಿನ, ಆ ಹುಡುಗಿ ಮೂರು ಹೊತ್ತು ಬೇಯಿಸಿ ಒಂದು ಗೋಡೆಗೆ ಬಡಿಸಿದಳು. ನಲವತ್ತೊಂದನೆಯ ದಿನ ಅವನು ಸಾರು ಕುಡಿದು "ಉಪ್ಪು ಕಡಿಮೆ" ಎಂದ. ಸುಮಿಯೆ ಒಳಗೆ ಹೋಗಿ ಸಂತೋಷಕ್ಕೆ ಅತ್ತಳು. ಇದು ಕೇರಿಗೆಲ್ಲ ಗೊತ್ತಿದ್ದ ವಿಷಯ, ನಗುವುದಕ್ಕೆ ಬಳಕೆಯಾಗುತ್ತಿದ್ದ ವಿಷಯ. ಇಸಾಬುರೊ ಕೂಡ ಕೇಳಿ ನಗುತ್ತಿದ್ದ.

ಕಾನೆಮಾತ್ಸುವಿನ ಜೊತೆ ಅವನು ಮಾತು ಬಿಟ್ಟದ್ದು ಒಂದು ಚಕ್ಕಿಗಾಗಿ. ಮರ ಕಡೆಯುವವನಿಗೆ ಚಕ್ಕು ಅಂದರೆ ಏನು ಎಂದು ಗೊತ್ತಿಲ್ಲದವರಿಗೆ ಈ ಜಗಳ ಹುಚ್ಚಾಟವಾಗಿ ಕಾಣುತ್ತದೆ, ಹಾಗಾಗಿ ನಾಲ್ಕು ಮಾತು ಹೇಳಲೇಬೇಕು. ಲೇತಿನ ಮೂತಿಯಲ್ಲಿ ಉಕ್ಕಿನ ಹಲ್ಲುಗಳಿರುತ್ತವೆ. ಅದಕ್ಕೆ ಒಂದು ಮರದ ಕೊರಡನ್ನು ಬಡಿದು ಕೂರಿಸುತ್ತಾರೆ. ಅದೇ ಚಕ್ಕು. ಆ ಕೊರಡಿನ ಬಾಯನ್ನು ಕಡೆದು ಕಡೆದು, ಬಟ್ಟಲೋ ಮುಚ್ಚಳವೋ ಅದರಲ್ಲಿ ಟಪ್ಪೆಂದು ಕಚ್ಚಿ ಕೂರುವಂತೆ ಮಾಡುತ್ತಾರೆ. ಮೊಳೆಯಿಲ್ಲ, ಗೋಂದಿಲ್ಲ, ಮರ ಮರವನ್ನು ಹಿಡಿದುಕೊಳ್ಳಬೇಕು. ತಟ್ಟೆ ಕಡೆಯುವುದಾದರೆ ಇಂಥದೇ ಚಪ್ಪಟೆ ಬಿಲ್ಲೆ. ಅಂಗಡಿಯಲ್ಲಿ ಇವು ಸಿಗುವುದಿಲ್ಲ. ಪ್ರತಿಯೊಬ್ಬನೂ ತನ್ನದನ್ನು ತಾನೇ ಮಾಡಿಕೊಳ್ಳಬೇಕು, ಒಂದೊಂದು ಅಳತೆಗೆ ಒಂದೊಂದು. ಯಾರ ಲೇತಿನ ಮೇಲೆ ಕಡೆದದ್ದೋ ಅವರ ಲೇತಿನ ಮೇಲೆ ಮಾತ್ರ ಅದು ಕುಣಿಯದೆ ಓಡುತ್ತದೆ. ಇನ್ನೊಬ್ಬನ ಲೇತಿಗೆ ಬಡಿದರೆ ಓಲಾಡುತ್ತದೆ. ಓಲಾಟ ಹೋಗಬೇಕಾದರೆ ಅಲ್ಲಿ ಮತ್ತೆ ಒಂದು ಎಳೆ ಕಡೆಯಬೇಕು. ಕಡೆದರೆ ಮೂಲ ಅಳತೆ ಹಾಳು. ಆದ್ದರಿಂದ ಉಳಿ ಎರವಲು ಕೇಳಬಹುದು, ಹೊಸ ಪಂಚೆ ಎರವಲು ಕೇಳಬಹುದು, ಚಕ್ಕನ್ನು ಮಾತ್ರ ಯಾರೂ ಕೇಳುವುದಿಲ್ಲ, ಯಾರೂ ಕೊಡುವುದಿಲ್ಲ.

ಇಸಾಬುರೊನ ಆ ಚಕ್ಕು ಚಹಾಪುಡಿಯ ಡಬ್ಬಿಗಳ ಮುಚ್ಚಳಕ್ಕೆಂದು ಮಾಡಿದ್ದು. ಚೆರ್ರಿ ಮರದ ಕೊರಡನ್ನು ಒಂಬತ್ತು ವರ್ಷ ಅಟ್ಟದಲ್ಲಿ ಒಣಗಿಸಿ, ಮೂರು ದಿನ ಕೂತು ಬಾಯಿ ಕಡೆದಿದ್ದ. ಅದರಲ್ಲಿ ಕಡೆದ ಮುಚ್ಚಳವನ್ನು ಡಬ್ಬಿಯ ಮೇಲೆ ಇಟ್ಟು ಕೈ ಬಿಟ್ಟರೆ ತಾನೇ ಮೆಲ್ಲಗೆ, ಉಸಿರು ಬಿಟ್ಟಂತೆ, ಇಳಿದು ಕೂರುತ್ತಿತ್ತು. ಕ್ಯೋಟೋದ ಒಂದು ಚಹಾ ಮನೆತನದವರು ನೋಡಿ ಮೆಚ್ಚಿ ಮಾತಾಡಲು ಕರೆಸಿದ್ದರು. ಎರಡು ದಿನ ಅಲ್ಲಿದ್ದು ಖುಷಿಯಲ್ಲಿ ಹಿಂದಿರುಗಿ ಚಕ್ಕನ್ನು ಲೇತಿಗೆ ಬಡಿದರೆ ಅದು ಕುಡುಕನ ಹಾಗೆ ಓಲಾಡಿತು. ಮೂರು ಒಳ್ಳೆಯ ಮುಚ್ಚಳ ಹಾರಿ ಗೋಡೆಗೆ ಬಡಿದು ಸೀಳಿಹೋದವು. ಬಾಗಿಲಲ್ಲಿ ನಿಂತಿದ್ದ ಸುಮಿಯೆ, ಎಪ್ರನ್ನಿನ ತುದಿ ಹಿಂಡಿಕೊಳ್ಳುತ್ತಾ, "ಕಾನೆಮಾತ್ಸು ಸಾನ್ ಬಂದು ಎರವಲು ತಗೊಂಡು ಹೋಗಿದ್ರು. ನಂಗೆ ಗೊತ್ತಾಗ್ಲಿಲ್ಲ, ಕೊಟ್ಟುಬಿಟ್ಟೆ" ಎಂದಳು. ಕಾನೆಮಾತ್ಸು ಕೂಡ ಒಂದು ಪೊಟ್ಟಣ ಸಿಹಿ ಕಡುಬು ಹಿಡಿದು ಬಂದು, ನೆಲಕ್ಕೆ ಹಣೆ ತಾಗಿಸಿ, "ನಾನೇ ತಗೊಂಡೆ, ಸ್ವಲ್ಪ ಕಡೆದೆ, ತಪ್ಪಾಯ್ತು" ಎಂದ. ಕಸುಬು ಗೊತ್ತಿಲ್ಲದವನು ಮಾಡಿದ್ದರೆ ಬೇರೆ ಮಾತು. ಒಂದೇ ಮೇಸ್ತ್ರಿಯ ಹತ್ತಿರ ಕಲಿತ ಅಣ್ಣ! ಇಸಾಬುರೊ ಚಕ್ಕನ್ನು ಲೇತಿನಿಂದ ಕಿತ್ತು ಎದುರಿನ ಶೆಲ್ಫಿನ ಮೇಲಿಟ್ಟ. ಕಡುಬಿನ ಪೊಟ್ಟಣ ಹಾಗೆಯೇ ಹಳಸಿತು. ಕ್ಯೋಟೋದ ಆರ್ಡರ್ ಬೇರೆಯವರ ಪಾಲಾಯಿತು. ಅವತ್ತಿನಿಂದ ಇಸಾಬುರೊ ಪಕ್ಕದ ಮನೆಯ ಪಾಲಿಗೆ ಮೂಗ.

ಅಲ್ಲಿಂದ ಮುಂದೆ ನಡೆದದ್ದು ನೋಡುವವರಿಗೆ ತಮಾಷೆಯಾಗಿತ್ತು. ಕಸ ಎತ್ತುವ ದಿನ, ಹಿಮ ಗುಡಿಸುವ ಸರದಿ ಎಲ್ಲ ಬರೆದ ಸುತ್ತೋಲೆಯ ಹಲಗೆಯೊಂದು ಆ ಊರಿನಲ್ಲಿ ಮನೆಯಿಂದ ಮನೆಗೆ ಹೋಗುತ್ತದೆ. ಓದಿ, ಮುದ್ರೆಯೊತ್ತಿ, ಪಕ್ಕದ ಮನೆಯವರ ಕೈಗೆ ಕೊಟ್ಟು, ನಾಲ್ಕು ಮಾತಾಡಿ ಬರುವುದು ರೂಢಿ. ಕಾನೆಮಾತ್ಸು ಅದನ್ನು ಇಸಾಬುರೊನ ಹೊಸ್ತಿಲಲ್ಲಿಟ್ಟು ಒಂದು ಸಲ ಕೆಮ್ಮುತ್ತಿದ್ದ. ಇಸಾಬುರೊ ಅವನ ಹೆಜ್ಜೆ ದೂರವಾಗುವವರೆಗೆ ಬಾಗಿಲ ಹಿಂದೆ ನಿಂತಿದ್ದು ಆಮೇಲೆ ಬಾಗಿಲು ಸರಿಸುತ್ತಿದ್ದ. ಇಪ್ಪತ್ತಮೂರು ವರ್ಷ ಒಂದು ಕೆಮ್ಮಿನ ಮೇಲೆ ನೆರೆಹೊರೆ ನಡೆಯಿತು. ನಾಲ್ಕು ವರ್ಷದ ಹಿಂದೆ ಸುಮಿಯೆ ಹೊಟ್ಟೆಯ ಗಡ್ಡೆಯಿಂದ ತೀರಿಕೊಂಡಾಗ ಕಾನೆಮಾತ್ಸು ಬಂದು ಊದುಬತ್ತಿ ಹಚ್ಚಿದ, ಬಹಳ ಹೊತ್ತು ತಲೆಯೆತ್ತಲಿಲ್ಲ. ಇಸಾಬುರೊ ಬಂದವರಿಗೆಲ್ಲ ಬಾಗಿದಂತೆ ಅವನಿಗೂ ಬಾಗಿದ. ಅಷ್ಟೇ.

ಮಕ್ಕಳಿರಲಿಲ್ಲ. ಸುಮಿಯೆ ಹೋದ ಮೇಲೆ ಆ ಮನೆಯಲ್ಲಿ ಅವನ ಜೊತೆಗಿದ್ದದ್ದು ಪಕ್ಕದ ಮನೆಯ ಲೇತ್ ಸದ್ದು ಒಂದೇ. ಬೆಳಿಗ್ಗೆ ಎಂಟಕ್ಕೆ ಅಲ್ಲಿ ಮೋಟಾರು ಗುಂಯ್ಗುಟ್ಟಿದರೆ ಇವನೂ ಪೆಡಲು ಒತ್ತುತ್ತಿದ್ದ. ಹತ್ತಕ್ಕೆ ಅದು ನಿಂತರೆ ಇವನೂ ಕೆಟಲ್ ಇಡುತ್ತಿದ್ದ. ಉಳಿ ಕಿರುಗುಟ್ಟಿದರೆ, "ಕೆಯಾಕಿ ಮರ, ಗಂಟು ಸಿಕ್ಕಿರಬೇಕು" ಎಂದುಕೊಳ್ಳುತ್ತಿದ್ದ. ಮಧ್ಯಾಹ್ನ ಮೂರರ ಚಹಾದ ನಂತರ ಅಲ್ಲಿ ಸ್ವಲ್ಪ ತಡವಾದರೆ ಇವನಿಗೆ ಕಸಿವಿಸಿ. ನೀನು ಶತ್ರುವಿನ ಸದ್ದು ಕೇಳಿಕೊಂಡು ಬದುಕುತ್ತಿದ್ದೀಯ ಎಂದು ಯಾರಾದರೂ ಹೇಳಿದ್ದರೆ ಅವನು ಒಪ್ಪುತ್ತಿರಲಿಲ್ಲ ಬಿಡಿ. ಆದರೆ ನಿಜ ಅದೇ.

ಈಗ ಆ ಸದ್ದು ಇಲ್ಲ. ಹತ್ತನೆಯ ದಿನ ಅವನು ಹಠಕ್ಕೆ ಬಿದ್ದು, ಮುಚ್ಚಳ ಕೆಡುತ್ತಿರುವುದು ಹಳೆಯ ಚಕ್ಕಿನಿಂದ, ಹೊಸದು ಮಾಡಿದರೆ ಸರಿಹೋಗುತ್ತದೆ ಎಂದು ನಿರ್ಧರಿಸಿದ. ಅಟ್ಟದಿಂದ ಒಂದು ಕೊರಡು ಇಳಿಸಿದ. ಬೆರಳಿನಿಂದ ತಟ್ಟಿ ಕೇಳಿದ, ಒಣಗಿದೆ. ಲೇತಿನ ಹಲ್ಲಿಗೆ ಅದರ ನಡುವನ್ನು ಗುರಿ ಮಾಡಿ ಕೊಡತಿಯಿಂದ ಬಡಿದ. ಪೆಡಲು ಒತ್ತಿ ಹೊರಮೈ ಉರುಟು ಮಾಡಿದ, ಬಾಯಿ ತೆಗೆದ. ಮುಚ್ಚಳದ ಅಂಚಿಗೆ ಇದ್ದಿಲ ಪುಡಿ ಸವರಿ ಚಕ್ಕಿನ ಬಾಯಿಗೆ ಒತ್ತಿ ತೆಗೆದರೆ ಎಲ್ಲಿ ಕಪ್ಪು ತಗುಲಿದೆಯೋ ಅಲ್ಲಿ ಮರ ಹೆಚ್ಚಿದೆ ಎಂದರ್ಥ. ಅಲ್ಲಿ ಒಂದು ಎಳೆ ಕಡೆಯಬೇಕು. ಮತ್ತೆ ಇದ್ದಿಲು, ಮತ್ತೆ ಒತ್ತು, ಮತ್ತೆ ಎಳೆ. ಐವತ್ತು ವರ್ಷದಿಂದ ಮಾಡಿದ ಕೆಲಸ, ಕಣ್ಣು ಮುಚ್ಚಿಯೂ ಮಾಡಬಲ್ಲ. ಆದರೆ ಆ ದಿನ ಪ್ರತಿ ಸಲ ಲೇತ್ ನಿಲ್ಲಿಸಿದಾಗಲೂ ಅವನ ಕಿವಿ ಗೋಡೆಯ ಆಚೆಗೆ ಹೋಗುತ್ತಿತ್ತು. ಅಲ್ಲಿ ಏನೂ ಇಲ್ಲ. ಹಿಮ ಮಾಡಿನಿಂದ ಜಾರಿ ದೊಪ್ಪೆಂದು ಬೀಳುವುದು, ಬಿಟ್ಟರೆ ಏನೂ ಇಲ್ಲ. ನಾಲ್ಕನೆಯ ಸಲ ಗಮನ ತಪ್ಪಿ ಒಂದೆಳೆಯ ಬದಲು ಎರಡೆಳೆ ಕಡೆದ. ಮುಚ್ಚಳ ಚಕ್ಕಿನ ಬಾಯಲ್ಲಿ ಗಡಗಡ ಅಲ್ಲಾಡಿತು.

ಅವನು ಉಳಿ ಕೆಳಗಿಟ್ಟ. ಒಂಟಿತನ ಎಂದರೆ ಇದೇ ಇರಬೇಕು ಎಂದು ಅವನಿಗೆ ಅನಿಸಿತು. ಹೆಂಡತಿ ಸತ್ತಾಗ ಕೂಡ ಅನಿಸದಿದ್ದದ್ದು ಈಗ, ಪಕ್ಕದ ಮನೆಯವನ ಮೋಟಾರು ನಿಂತಾಗ, ಅನಿಸಿತಲ್ಲ ಎಂದು ನಾಚಿಕೆಯೂ ಆಯಿತು.

ಸಂಜೆ ಊರಿನ ಬಿಸಿನೀರಿನ ಸ್ನಾನಗೃಹಕ್ಕೆ ಹೋದ. ಅಲ್ಲಿ ಕುತ್ತಿಗೆಯವರೆಗೆ ನೀರಿನಲ್ಲಿ ಮುಳುಗಿ ಕೂತಿದ್ದ ಗೊಹೇ, ಬಟ್ಟಲುಗಳಿಗೆ ಅರಗು ಬಳಿಯುವವನು, ಇವನನ್ನು ನೋಡಿದ್ದೇ ತಡ ಶುರು ಮಾಡಿದ.

"ಏನಪ್ಪಾ ಇಸಾ ಸಾನ್, ಹಬ್ಬ ಮಾಡೋದು ಬಿಟ್ಟು ಮುಖ ಊದಿಸ್ಕೊಂಡು ಬಂದಿದೀಯ?"

"ಯಾವ ಹಬ್ಬ?"

"ಕೇರಿಗೆಲ್ಲ ಕಡೆಯೋನು ಅಂತ ಉಳಿದಿರೋನು ಇನ್ನು ನೀನೊಬ್ಬನೇ! ಕಾನೆಮಾತ್ಸುಗೆ ಬಲಗೈ ಬಿದ್ದೋಯ್ತು. ಬೆಳಗ್ಗೆ ಎದ್ದು ನೋಡಿದ್ರೆ ಊಟದ ಕಡ್ಡಿ ಹಿಡಿಯಕ್ಕಾಗ್ತಿಲ್ಲ. ನಿಂಗೆ ಗೊತ್ತೇ ಇಲ್ವಾ? ಗೋಡೆ ಆಚೆ ಇದೀಯ ಮಾರಾಯ, ಸಮುದ್ರದಾಚೆ ಅಲ್ಲ."

ಇಸಾಬುರೊ ಗಲ್ಲದವರೆಗೆ ನೀರಿಗೆ ಇಳಿದ. "ವಾಸಿಯಾಗುತ್ತಂತಾ?"

"ಸೊಸೈಟಿ ಆಸ್ಪತ್ರೆ ಡಾಕ್ಟ್ರು ತಲೆ ಅಲ್ಲಾಡಿಸಿದ್ರಂತೆ. ಅವ್ನ ಲೇತನ್ನ ಕಸುಬಿನ ಶಾಲೆಯೋರು ಶನಿವಾರ ಬಂದು ಒಯ್ತಾರೆ. ಚಕ್ಕುಗಳು ಯಾರಿಗೆ ಬೇಕು ಹೇಳು? ಅವ್ನ ಹೆಂಡ್ತಿ ಯೊಷಿನೊ ಒಂದೊಂದಾಗಿ ಒಲೆಗೆ ಹಾಕ್ತಿದಾಳೆ. ಈ ಚಳಿಗಾಲಕ್ಕೆ ಸೌದೆ ಚಿಂತೆ ಇಲ್ಲ ಅಂತಾಳೆ, ಅವಳ ಬಾಯಿ ನಿಂಗೊತ್ತಲ್ಲ."

ಕಡೆಯುವವನ ಕೈ ಹೋದ ಮೇಲೆ ಅವನ ಚಕ್ಕುಗಳು ಬರೀ ಸೌದೆ, ಅದು ಇಸಾಬುರೊಗೆ ಗೊತ್ತಿದ್ದದ್ದೇ. ಮೇಸ್ತ್ರಿ ತೀರಿಕೊಂಡಾಗ ಇವರಿಬ್ಬರೇ ಬುಟ್ಟಿಗಟ್ಟಲೆ ಹೊತ್ತು ಒಲೆಗೆ ಹಾಕಿದ್ದರು. ಆದರೆ ಕಾನೆಮಾತ್ಸುವಿನ ಚಕ್ಕುಗಳು ಉರಿಯುತ್ತಿರುವುದನ್ನು ಯೋಚಿಸಿ ಅವನಿಗೆ ಅಳು ಬರುವ ಹಾಗಾಯಿತು. ಬಿಸಿನೀರಿನ ಹಬೆಯಲ್ಲಿ ಯಾರ ಕಣ್ಣು ಯಾತಕ್ಕೆ ಕೆಂಪಾಗಿದೆ ಎಂದು ತಿಳಿಯುವುದಿಲ್ಲ, ಅದೊಂದು ಅನುಕೂಲ.

ಶನಿವಾರಕ್ಕೆ ನಾಲ್ಕು ದಿನವಿತ್ತು. ಲೇತ್ ಹೋದ ಮೇಲೆ ಆ ಮನೆಗೆ ಹೋಗಲು ತನಗೆ ನೆಪವೇ ಉಳಿಯುವುದಿಲ್ಲ, ಈಗ ಮಾತಾಡದಿದ್ದರೆ ಇನ್ನು ಈ ಜನ್ಮದಲ್ಲಿ ಮಾತಿಲ್ಲ ಎಂಬುದು ಅವನಿಗೆ ಖಚಿತವಾಗಿತ್ತು. ಆದರೆ ಇಪ್ಪತ್ತಮೂರು ವರ್ಷ ಬಿಟ್ಟ ಮನೆಗೆ ಬರಿಗೈಯಲ್ಲಿ ಹೋಗಿ ಏನು ಹೇಳುವುದು? "ಕೈ ಹೇಗಿದೆ?" ಎಂದರೆ ಅಣಕಿಸಿದಂತೆ. "ಬೇಜಾರಾಗ್ತಿದೆ" ಎಂದರೆ ಮಾನ ಹೋಗುತ್ತದೆ. ಎರಡು ದಿನ ಅವನು ಕೆಲಸ ಬಿಟ್ಟು ಇದನ್ನೇ ಯೋಚಿಸಿದ. ಶುಕ್ರವಾರ ಬೆಳಿಗ್ಗೆ ಎದುರಿನ ಶೆಲ್ಫು ನೋಡುತ್ತಾ ಕೂತಿದ್ದಾಗ ದಾರಿ ಹೊಳೆಯಿತು. ಆ ಹಾಳಾದ ಚಕ್ಕನ್ನು ಒಯ್ಯುವುದು. ಕಾನೆಮಾತ್ಸುವಿನ ಚಕ್ಕುಗಳ ಜೊತೆಗೆ ಇದನ್ನೂ ಅದೇ ಒಲೆಗೆ ಹಾಕುವುದು. ಕ್ಷಮಿಸಿಬಿಡುವುದು!

ಆ ಯೋಚನೆ ಬಂದದ್ದೇ ಅವನ ಬೆನ್ನು ನೆಟ್ಟಗಾಯಿತು. ತಾನು ಎಷ್ಟು ದೊಡ್ಡ ಮನುಷ್ಯ ಎಂದು ಅವನಿಗೇ ಆಶ್ಚರ್ಯವಾಯಿತು. ಆಡಬೇಕಾದ ಮಾತನ್ನು ಕೆಟಲ್‌ನ ಮುಂದೆ ಕೂತು ಅಭ್ಯಾಸ ಮಾಡಿದ: "ಹಳೇದೆಲ್ಲ ಮರ್ತುಬಿಟ್ಟಿದೀನಿ. ಮನಸ್ಸಲ್ಲಿ ಏನೂ ಇಟ್ಕೊಂಡಿಲ್ಲ." ಮೊದಲ ಸಲ ಗಂಟಲಿನಿಂದ ಗಾಳಿ ಮಾತ್ರ ಬಂತು, ಎರಡು ದಿನದಿಂದ ಯಾರ ಜೊತೆಯೂ ಮಾತಾಡಿರಲಿಲ್ಲ. ಐದನೆಯ ಸಲಕ್ಕೆ ಸ್ವರ ಬಂತು. ಒಳ್ಳೆಯ ಅಂಗಿ ಹಾಕಿಕೊಂಡು, ಚಕ್ಕನ್ನು ನೀಲಿ ಚೌಕದ ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟ. ಹನ್ನೆರಡು ಹೆಜ್ಜೆಯ ದಾರಿ.

ಬಾಗಿಲು ಸರಿಸಿದವಳು ಕಾನೆಮಾತ್ಸುವಿನ ಹೆಂಡತಿ ಯೊಷಿನೊ. ಅವಳು ಒಂದು ಕ್ಷಣ ಬಾಯಿ ತೆರೆದುಕೊಂಡು ನಿಂತಳು. ಆಮೇಲೆ ಒಳಕ್ಕೆ ತಿರುಗಿ ಕೂಗಿದಳು.

"ಏನೂಂದ್ರೆ, ಬನ್ನಿ ಇಲ್ಲಿ, ನೋಡ್ಬನ್ನಿ! ಪಕ್ಕದ ಗೋಡೆ ಎದ್ದು ನಡ್ಕೊಂಡು ಬಂದಿದೆ!"

"ಒಳಗೆ ಕರಿಯೇ. ಗೋಡೆಗೂ ಚಳಿಯಾಗುತ್ತೆ," ಎಂದಿತು ಒಳಗಿನ ಸ್ವರ.

ಕಾನೆಮಾತ್ಸು ಕೆಲಸದ ಕೋಣೆಯಲ್ಲಿ ಕಬ್ಬಿಣದ ಒಲೆಯ ಪಕ್ಕ ಕೂತಿದ್ದ. ಬಲಗೈ ತೊಡೆಯ ಮೇಲೆ ಯಾರೋ ಮರೆತು ಹೋದ ವಸ್ತುವಿನ ಹಾಗೆ ಬಿದ್ದಿತ್ತು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಅದನ್ನು ಇಸಾಬುರೊ ಇಷ್ಟು ಹತ್ತಿರದಿಂದ ನೋಡಿರಲೇ ಇಲ್ಲ. ಲೇತನ್ನು ಒರೆಸಿ ಎಣ್ಣೆ ಹಚ್ಚಿ ಇಡಲಾಗಿತ್ತು. ಒಲೆಯ ಪಕ್ಕದ ಬುಟ್ಟಿಯಲ್ಲಿ ಚಕ್ಕುಗಳು, ಬಿಲ್ಲೆಗಳು, ಎಲ್ಲವೂ ಮಸಿಯಲ್ಲಿ ಅಳತೆ ಬರೆದುಕೊಂಡು ಸರದಿಗಾಗಿ ಕಾಯುತ್ತಿದ್ದವು.

"ಕೂತ್ಕೊ," ಎಂದ ಕಾನೆಮಾತ್ಸು.

ಇಸಾಬುರೊ ಕೂತ. ಮಂಡಿಯ ಮುಂದೆ ಗಂಟು ಬಿಚ್ಚಿದ. ಕೆಟಲ್‌ನ ಮುಂದೆ ಕಲಿತ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದ. "ಹಳೇದೆಲ್ಲ ಮರ್ತುಬಿಟ್ಟಿದೀನಿ. ಮನಸ್ಸಲ್ಲಿ ಏನೂ ಇಟ್ಕೊಂಡಿಲ್ಲ. ನೀನು ಮಾಡಿದ್ದನ್ನ ಕ್ಷಮಿಸಿದೀನಿ. ಇದನ್ನೂ ನಿನ್ನ ಒಲೆಗೆ ಹಾಕು, ಮುಗಿದುಹೋಗ್ಲಿ."

ಕಾನೆಮಾತ್ಸು ಚಕ್ಕನ್ನು ನೋಡಿದ.

"ಇದನ್ನ ಇನ್ನೂ ಇಟ್ಕೊಂಡಿದ್ಯಾ? ಎಲ್ಲಿಟ್ಟಿದ್ದೆ?"

"ಲೇತ್ ಎದುರಿಗೆ. ಶೆಲ್ಫ್ ಮೇಲೆ."

"ಸುಮಿಯೆ ಕಣ್ಣಿಗೆ ಬೀಳೋ ಹಾಗಾ?"

"ದಿನಾ ಅವಳೇ ಧೂಳು ಒರೆಸ್ತಿದ್ದದ್ದು," ಎಂದ ಇಸಾಬುರೊ. ಆ ಪ್ರಶ್ನೆ ಯಾಕೆ ಬಂತೆಂದು ಅವನಿಗೆ ತಿಳಿಯಲಿಲ್ಲ.

ಕಾನೆಮಾತ್ಸುವಿನ ಮುಖ ಬಿಗಿಯಿತು. ಚಹಾ ತರಲು ಹೊರಟಿದ್ದ ಯೊಷಿನೊ ಬಾಗಿಲಲ್ಲೇ ನಿಂತಳು. "ಹೇಳ್ಬೇಡಿ," ಎಂದಳು ಗಂಡನಿಗೆ, ಮೆಲ್ಲಗೆ.

"ಹೇಳ್ದೆ ಇರೋಣ ಅಂತಾನೇ ಇದ್ದೆ ಕಣೆ. ಸಾಯೋವರೆಗೂ ಹೇಳ್ತಿರ್ಲಿಲ್ಲ. ಆದ್ರೆ ಇವ್ನು ಒಳ್ಳೆ ಅಂಗಿ ಹಾಕ್ಕೊಂಡು ಕ್ಷಮಿಸಕ್ಕೆ ಬಂದಿದಾನಲ್ಲ, ಇದು ನನ್ನ ಕೈಲಿ ತಡ್ಕೊಳಕ್ಕಾಗಲ್ಲ." ಅವನು ಎಡಗೈಯಿಂದ ಚಕ್ಕನ್ನು ಇಸಾಬುರೊನ ಕಡೆ ತಳ್ಳಿದ. "ತಿರುಗಿಸು. ಹಿಂದೆ ನೋಡು. ಲೇತ್ ಹಲ್ಲು ಕಚ್ಚಿರೋ ತೂತು ಎಷ್ಟಿದೆ ಎಣಿಸು."

ಇಸಾಬುರೊ ತಿರುಗಿಸಿದ. "ನಾಲ್ಕು."

"ನಿನ್ನ ಲೇತ್‌ಗೆ ಎಷ್ಟು ಹಲ್ಲು?"

"ನಾಲ್ಕು."

"ಈಗ ನನ್ನ ಲೇತ್ ಮೂತಿ ನೋಡು."

ನೋಡಬೇಕಾಗಿರಲಿಲ್ಲ. ಮೇಸ್ತ್ರಿ ಬದುಕಿದ್ದ ಕಾಲದಿಂದಲೂ ಕಾನೆಮಾತ್ಸುವಿನದು ಮೂರು ಹಲ್ಲಿನ ಲೇತ್ ಎಂದು ಅವನಿಗೆ ಗೊತ್ತಿತ್ತು. ಆದರೂ ನೋಡಿದ. ಎಣ್ಣೆ ಹಚ್ಚಿದ ಮೂರು ಉಕ್ಕಿನ ಹಲ್ಲು ಮಿನುಗುತ್ತಿದ್ದವು.

ಚಕ್ಕನ್ನು ಕಡೆಯಬೇಕಾದರೆ ಲೇತಿಗೆ ಬಡಿಯಲೇಬೇಕು. ಬಡಿದರೆ ಹಲ್ಲಿನ ತೂತು ಬೀಳಲೇಬೇಕು. ಆ ಚಕ್ಕಿನ ಹಿಂಬದಿಯಲ್ಲಿ ಇಸಾಬುರೊನ ಲೇತಿನ ನಾಲ್ಕು ತೂತು ಬಿಟ್ಟರೆ ಬೇರೊಂದು ಗೀರೂ ಇರಲಿಲ್ಲ. ಅವನು ಅದರ ಮೇಲೆ ಹೆಬ್ಬೆರಳು ಆಡಿಸಿದ, ಕಣ್ಣಿನ ಮೇಲೆ ನಂಬಿಕೆ ಇಲ್ಲದವನಂತೆ. ಈ ಕೊರಡು ಕಾನೆಮಾತ್ಸುವಿನ ಲೇತನ್ನು ಮುಟ್ಟಿಯೇ ಇರಲಿಲ್ಲ.

"ಇಪ್ಪತ್ತಮೂರು ವರ್ಷ," ಎಂದ ಕಾನೆಮಾತ್ಸು. "ನಿಂಗೆ ಒಂದೇ ಒಂದು ಸಲ ಇದನ್ನ ತಿರುಗಿಸಿ ನೋಡೋಣ ಅನ್ನಿಸ್ಲಿಲ್ಲ. ನಮ್ಮ ಮೇಸ್ತ್ರಿ ಇದ್ದಿದ್ರೆ ಕೊಡತಿ ತಗೊಂಡು ತಲೆಗೆ ಹಾಕಿರೋರು. ಸಿಟ್ಟು ಬಂದ್ರೆ ಕಣ್ಣು ಕೂಡ ಮುಚ್ಚಿಹೋಗುತ್ತೇನೋ ನಿಂಗೆ?"

"ಮತ್ತೆ ನೀನು ಯಾಕೆ... ಹಣೆ ನೆಲಕ್ಕಿಟ್ಟು ಹೇಳಿದ್ಯಲ್ಲ, ನಾನೇ ಕಡೆದೆ ಅಂತ?"

ಕಾನೆಮಾತ್ಸು ಒಲೆಯ ಕಡೆ ತಿರುಗಿದ. ಬಲಗೈಯನ್ನು ಎಡಗೈಯಿಂದ ಎತ್ತಿ ಬೆಂಕಿಯ ಹತ್ತಿರ ಇಟ್ಟುಕೊಂಡ.

"ನೀನು ಕ್ಯೋಟೋಗೆ ಹೋಗಿದ್ದಾಗ ಸುಮಿಯೆ ನಿನ್ನ ಕೋಣೆ ಗುಡಿಸಿ ಒರೆಸಿ ಇಡೋಣ ಅಂತ ಹೋಗಿದಾಳೆ. ಖುಷಿಯಾಗಿ ಬರ್ತೀಯ ಅಂತ. ಬಕೆಟ್ ಉರುಳಿ ನೀರು ಇದ್ರ ಮೇಲೆ ಹೋಯ್ತು. ಹೆದರ್ಕೊಂಡು, ಬೇಗ ಒಣಗ್ಲಿ ಅಂತ ಸೀಮೆಎಣ್ಣೆ ಒಲೆ ಮೇಲೆ ಇಟ್ಲು. ಒಲೆ ಮೇಲೆ! ಒಂದು ಮಗ್ಗುಲು ಒಣಗಿ ಎಳ್ಕೊಂಡು ಮೊಟ್ಟೆ ಹಾಗಾಯ್ತು. ಎಪ್ರನ್‌ನಲ್ಲಿ ಸುತ್ಕೊಂಡು ಇಲ್ಲಿಗೆ ಓಡ್ಬಂದ್ಲು. ಇಲ್ಲೇ, ನೀನು ಕೂತಿರೋ ಜಾಗದಲ್ಲೇ ಕೂತಿದ್ಲು. ಅಣ್ಣಾ ಸರಿಮಾಡ್ಕೊಡಿ ಅಂತ. ಸರಿ ಮಾಡೋದು ಏನಿದೆ ಅದ್ರಲ್ಲಿ? ಕಡೆದ್ರೂ ಹಾಳು, ಬಿಟ್ರೂ ಹಾಳು. ಅದಕ್ಕೆ ನಾನೇ ಅಂದೆ, ಎರವಲು ತಗೊಂಡೋಗಿದ್ದ ಅನ್ನು, ನನ್ನ ಮೇಲೆ ಹಾಕು ಅಂತ. ಒಂದು ತಿಂಗಳು ಮುಖ ಊದಿಸ್ಕೊಂಡಿರ್ತೀಯ, ಆಮೇಲೆ ಒಂದು ಸೀಸೆ ಅಕ್ಕಿಹೆಂಡ ಕುಡಿಸಿ ಸರಿಮಾಡ್ಕೊಳೋಣ ಅಂದ್ಕೊಂಡಿದ್ದೆ."

"ಅವಳೇ ನಂಗೆ ಹೇಳ್ಬಹುದಿತ್ತಲ್ಲ," ಎಂದ ಇಸಾಬುರೊ. "ನಾನು ಅವಳ ಮೇಲೆ ಯಾವತ್ತಾದ್ರೂ ಕೈ ಮಾಡಿದೀನಾ? ಒಂದು ಕೆಟ್ಟ ಮಾತು ಆಡಿದೀನಾ?"

"ಯಾರಂದ್ರು ಕೈ ಮಾಡ್ತೀಯ ಅಂತ? ನೀನು ಬಾಯಿ ಮುಚ್ಚೋನು. ಒಂದು ಕೊರಡು ಸುಟ್ಟಿದ್ದಕ್ಕೆ ನಲವತ್ತು ದಿನ. ಇದಕ್ಕೆ ಎಷ್ಟು ದಿನ ಅಂತ ಅವಳು ಲೆಕ್ಕ ಹಾಕಿದ್ಲು. ನಡುಗ್ತಿದ್ಲು ಕಣೋ, ಇಲ್ಲಿ ಕೂತು. ಲೆಕ್ಕ ಸರೀಗೇ ಹಾಕಿದ್ಲು ಅಂತ ನೀನೇ ತೋರಿಸ್ದೆ. ನನಗೇನೋ ಇಪ್ಪತ್ತಮೂರು ವರ್ಷ ಅದನ್ನ ತಡೆಯಕ್ಕಾಯ್ತು. ಬೆಳಗಿಂದ ಸಂಜೆವರೆಗೆ ಇವಳ ಬಾಯಿ ಇತ್ತು ಮನೇಲಿ. ಅವಳಿಗೆ ಯಾರಿದ್ರು? ನೀನೊಬ್ಬನೇ ತಾನೇ ಇದ್ದದ್ದು?"

ಇಸಾಬುರೊನ ಕಣ್ಣ ಮುಂದೆ ಬಂದದ್ದು ಸುಮಿಯೆಯ ಬೆನ್ನು: ಶೆಲ್ಫಿನ ಕಡೆ ಮುಖ ಮಾಡಿ, ಬಟ್ಟೆ ಹಿಡಿದು, ಆ ಕೊರಡನ್ನೆತ್ತಿ ಅದರ ಕೆಳಗೆ ಒರೆಸಿ, ಮತ್ತೆ ಅದೇ ಜಾಗದಲ್ಲಿ ಇಡುತ್ತಿದ್ದ ಬೆನ್ನು. ಹತ್ತೊಂಬತ್ತು ವರ್ಷ, ದಿನಾ ಬೆಳಿಗ್ಗೆ. ಪಕ್ಕದ ಮನೆಯವನನ್ನು ಶಿಕ್ಷಿಸಲೆಂದು ಅದನ್ನು ಅಲ್ಲಿಟ್ಟಿದ್ದ. ಪಕ್ಕದ ಮನೆಯವನು ಒಂದು ದಿನವೂ ಅದನ್ನು ನೋಡಲಿಲ್ಲ. ನೋಡಿದವಳು ಇವಳು. ಕೆಲವು ಸಲ ಅವಳು ಬಟ್ಟೆ ಕೈಯಲ್ಲೇ ಹಿಡಿದು ತಿರುಗಿ, "ಏನೂಂದ್ರೆ..." ಎಂದು ಶುರು ಮಾಡಿ, ಅವನು ಲೇತ್ ನಿಲ್ಲಿಸದೆ "ಏನು?" ಎಂದರೆ, "ಏನಿಲ್ಲ, ಚಹಾ ಇಡ್ಲಾ?" ಎನ್ನುತ್ತಿದ್ದಳು. ಅವಳಿಗೆ ಮರೆವು ಎಂದುಕೊಂಡಿದ್ದ. ಅವಳ ಮರೆವಿನ ಬಗ್ಗೆ ಸ್ನಾನಗೃಹದಲ್ಲಿ ತಮಾಷೆ ಕೂಡ ಮಾಡಿದ್ದ.

"ಹೇಳ್ತೀನಿ ಹೇಳ್ತೀನಿ ಅಂತಾನೇ ಇದ್ಲು," ಎಂದಳು ಯೊಷಿನೊ. ಅವಳು ಚಹಾ, ಉಪ್ಪಿನಲ್ಲಿ ಹಾಕಿದ ಮೂಲಂಗಿಯ ತಟ್ಟೆ ತಂದು ನಡುವೆ ಇಟ್ಟು ಅಲ್ಲೇ ಕೂತಿದ್ದಳು. "ಪ್ರತಿ ಹೊಸ ವರ್ಷಕ್ಕೂ, ಈ ಸಲ ಹೇಳ್ಬಿಡ್ತೀನಿ ಯೊಷಿನೊ ಅನ್ನೋಳು. ಆಸ್ಪತ್ರೆಲೂ ಅಂದ್ಲು. ನಾನೇ ಬೇಡ ಅಂದೆ. ನಿಮ್ಮತ್ರ ಮಾತಿಲ್ದೆ ಸಾಯೋ ಹಾಗಾಗೋದು ಬೇಡ ಅಂತ."

ಒಲೆಯಲ್ಲಿ ಒಂದು ಚಕ್ಕು ಚಟಚಟ ಎಂದು ಬಿರಿಯಿತು. ಮೂವರೂ ಅದನ್ನೇ ನೋಡಿದರು.

ಕ್ಷಮಿಸಲು ಬಂದವನಿಗೆ, ಈಗ ತಾನು ಯಾರ ಕ್ಷಮೆ ಕೇಳಬೇಕೋ ಅವಳು ಸಿಗುವಂತಿರಲಿಲ್ಲ. ಪಕ್ಕದಲ್ಲಿ ಕೂತ ಅಣ್ಣನ ಹತ್ತಿರ ಹಣೆ ನೆಲಕ್ಕಿಟ್ಟು ಕೇಳಬಹುದು, ಕೇಳಬೇಕು, ಕೇಳುತ್ತಾನೆ. ಅದು ದೊಡ್ಡ ಮಾತಲ್ಲ. ಅವಳ ಹತ್ತಿರ ಹೇಗೆ ಕೇಳುವುದು? ಸಾಯುವ ದಿನ ಅವಳು ಅವನ ತೋಳು ಹಿಡಿದುಕೊಂಡು ನೋಡುತ್ತಲೇ ಇದ್ದಳು. ಏನೋ ಬೇಕೇನೋ ಎಂದು ಅವನು ನೀರು ಕುಡಿಸಿದ್ದ.

"ಯೊಷಿನೊ ಸಾನ್," ಎಂದ. "ನಿಜ ಹೇಳಿ. ಅವಳು ನಂಗೆ ಹೆದರ್ತಿದ್ಲಾ?"

ಕಾನೆಮಾತ್ಸು ಬೇರೆ ಕಡೆ ನೋಡಿದ. ಯಾವ ಮಾತಿಗೂ ಎರಡು ಮಾತು ಸಿದ್ಧವಿರುತ್ತಿದ್ದ ಯೊಷಿನೊ ಚಹಾದ ಬಟ್ಟಲನ್ನು ಒಂದು ಸಲ ಆಚೆ, ಒಂದು ಸಲ ಈಚೆ ಸರಿಸಿದಳು.

"ಹೆದರ್ತಿದ್ಲು," ಎಂದಳು.

ಇಸಾಬುರೊ ತಲೆಯಾಡಿಸಿದ. ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಆಮೇಲೆ ಕಾನೆಮಾತ್ಸುವಿನ ಮುಂದೆ ಎರಡೂ ಅಂಗೈ ಊರಿ ಹಣೆಯನ್ನು ಚಾಪೆಗೆ ತಾಗಿಸಿದ. ಏಳುವಾಗ ಮಂಡಿ ಕಟಕ್ಕೆಂದಿತು.

"ಮನೆಗೆ ಹೋಗ್ತೀನಿ."

"ಹೋಗಿ? ಯಾರ ಹತ್ರ ಬಾಯಿ ಮುಚ್ಕೊಂಡು ಕೂರ್ತೀಯ?" ಎಂದ ಕಾನೆಮಾತ್ಸು. ಸಿಟ್ಟಿನಿಂದಲೇ ಅಂದ. "ಕೂತ್ಕೊ. ಚಹಾ ಕುಡಿ."

ಇಸಾಬುರೊ ನಿಂತೇ ಇದ್ದ. ಆಚೆ ಮನೆಯಲ್ಲಿ ಯಾರೂ ಇರಲಿಲ್ಲ. ಅವನು ನಿಧಾನವಾಗಿ ಮಂಡಿ ಮಡಚಿ ಮತ್ತೆ ಕೂತ.

"ಅಣ್ಣಾ," ಎಂದ. ಮುಂದೆ ಏನು ಹೇಳಬೇಕೆಂದು ಗೊತ್ತಾಗಲಿಲ್ಲ. ಸುಮ್ಮನಾಗಲು ಹೋದ, ಆದರೆ ಸುಮ್ಮನಾಗಲು ಜೀವನದಲ್ಲಿ ಮೊದಲ ಸಲ ಅವನಿಗೆ ಭಯವಾಯಿತು. ಹಾಗಾಗಿ, ಆ ಬೆಳಿಗ್ಗೆ ತಾನು ನಿನ್ನೆಯ ತಣ್ಣನೆಯ ಅನ್ನಕ್ಕೆ ಬಿಸಿ ಚಹಾ ಸುರಿದುಕೊಂಡು ತಿಂದದ್ದನ್ನು, ಉಪ್ಪಿನಕಾಯಿ ಮುಗಿದು ಮೂರು ದಿನವಾದದ್ದನ್ನು, ಅಂಗಿಯ ಗುಂಡಿಯೊಂದು ಕಿತ್ತುಹೋಗಿರುವುದನ್ನು, ಏನೇನು ನೆನಪಾಯಿತೋ ಅದನ್ನೆಲ್ಲ ಒಂದೊಂದಾಗಿ ಹೇಳತೊಡಗಿದ.